ಮೂರು ಹೆಜ್ಜೆ ಎಡಕ್ಕೆ

"ಇನ್ನೊಂದು ಸಲ ಹಾಕಿ," ಅಂದರು ಇನ್ಸ್‌ಪೆಕ್ಟರ್.

"ಮೂರು ಸಲ ಆಯ್ತಲ್ಲ ಸರ್. ನೀವು ದಿಟ್ಟಿಸಿ ನೋಡಿದ್ರೆ ಅಂಕಿಯೇನೂ ನಾಚಿಕೊಂಡು ಕೆಳಗೆ ಇಳಿಯಲ್ಲ."

ಆದರೂ ಹಾಕಿದೆ. ಒಂಬತ್ತು ಕೆ.ಜಿ.ಯ ಗುಂಡು ಎರಡಡಿ ಎತ್ತರದಿಂದ ಕೊಳವೆಯೊಳಗೆ ಜಾರಿ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಬಿತ್ತು. ನೆಲ ಸರಿಯಾಗಿದ್ದರೆ ಧಪ್ ಅನ್ನಬೇಕು. ಇದು ಟಕ್ ಅಂತು. ಪಕ್ಕದ ಪೆಟ್ಟಿಗೆಯಲ್ಲಿ ಅಂಕಿ ಮೂಡಿತು: ಇನ್ನೂರ ಹದಿನೆಂಟು.

ಬಿದ್ದ ಏಟನ್ನು ನೆಲ ಎಷ್ಟು ನುಂಗುತ್ತದೆ, ಬಿದ್ದವರ ತಲೆಗೇ ಎಷ್ಟು ತಿರುಗಿಸಿ ಕೊಡುತ್ತದೆ ಅನ್ನೋದರ ಲೆಕ್ಕ ಅದು. ನೂರಿಪ್ಪತ್ತರ ಆಸುಪಾಸು ಇದ್ದರೆ ಮಕ್ಕಳು ಬಿದ್ದು ಎದ್ದು ನಗುತ್ತಾರೆ. ಇನ್ನೂರು ದಾಟಿದರೆ ಮೈದಾನಕ್ಕೆ ಬೀಗ ಹಾಕಬೇಕು, ಎರಡನೇ ಮಾತಿಲ್ಲ.

ಒಂಬತ್ತು ದಿನದ ಹಿಂದೆ ಇದೇ ಜಾಗದಲ್ಲಿ ಹದಿಮೂರು ವರ್ಷದ ಗೋಲ್‌ಕೀಪರ್ ಹುಡುಗಿ ಚೆಂಡಿಗೆ ಹಾರಿ, ತಲೆ ಕೆಳಗಾಗಿ ಬಿದ್ದವಳು ನಿನ್ನೆಯವರೆಗೂ ಕಣ್ಣು ಬಿಟ್ಟಿರಲಿಲ್ಲ. ಅದಕ್ಕೂ ಇಪ್ಪತ್ತು ದಿನ ಮುಂಚೆ ಈ ಮೈದಾನ ಸುರಕ್ಷಿತ ಅಂತ ಸಹಿ ಹಾಕಿದವಳು ನಾನು. ಆ ಹುಡುಗಿಯ ಅಪ್ಪನೇ ಆ ತಂಡದ ಕೋಚ್. ಆತ ನನ್ನ ಮೇಲೆ ದೂರು ಕೊಟ್ಟಿದ್ದ, ಪೊಲೀಸರು ಮೈದಾನಕ್ಕೆ ಬೀಗ ಜಡಿದಿದ್ದರು. ಇವತ್ತು ಆ ಬೀಗ ತೆಗೆಸಿಕೊಂಡು, ನಾನು ಸಹಿ ಹಾಕಿದ್ದು ಸತ್ಯವೋ ಸುಳ್ಳೋ ಅಂತ ನಾನೇ ಅಳೆದು ನೋಡಲು ಬಂದಿದ್ದೆ.

"ನಿಮ್ಮ ವರದಿಯಲ್ಲಿ ಎಲ್ಲಾ ಕಡೆ ನೂರಿಪ್ಪತ್ತರೊಳಗೇ ಇದೆಯಲ್ಲಮ್ಮಾ," ಅಂದರು ಇನ್ಸ್‌ಪೆಕ್ಟರ್. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಮೊಣಕಾಲು ನೋವು. ಬಿಸಿಲಿಗೆ ಕಾದ ಹುಲ್ಲಿನ ಮೇಲೆ ಒಂದು ಕಾಲು ಎತ್ತಿ ಒಂದು ಕಾಲು ಇಟ್ಟು ನಿಂತಿದ್ದರು.

"ಎಲ್ಲಾ ಕಡೆ ಅಲ್ಲ ಸರ್. ನಾನು ಅಳೆದ ಹತ್ತು ಕಡೆ."

"ಹಾಗಾದ್ರೆ ಆ ಹತ್ತು ಕಡೆ ಹಾಕಿ ನೋಡೋಣ."

ಗುಂಡು, ಕೊಳವೆ, ಪೆಟ್ಟಿಗೆ ಎಲ್ಲಾ ಹೊತ್ತುಕೊಂಡು ಹೋದೆ. ಹುಡುಗಿ ಬಿದ್ದಲ್ಲಿಂದ ಎಂಟು ಹೆಜ್ಜೆ ಆಚೆಗೆ ನನ್ನ ಮೊದಲನೇ ಜಾಗ. ಧಪ್. ನೂರ ಹದಿನೇಳು. ಎರಡನೇ ಜಾಗ ನೂರ ಹದಿನಾಲ್ಕು. ಮೂರನೇದು ನೂರಿಪ್ಪತ್ತು.

ಒಂದು ಕ್ಷಣ ಜೀವ ಬಂದ ಹಾಗಾಯಿತು. ನಾನು ಸುಳ್ಳು ಬರೆದಿರಲಿಲ್ಲ. ಕಳ್ಳಿ ಅನ್ನಿಸಿಕೊಂಡು ಒಂಬತ್ತು ದಿನ ನಿದ್ದೆಗೆಟ್ಟವಳಿಗೆ ಅಷ್ಟು ಸಾಕಿತ್ತು, ಕಣ್ಣು ತುಂಬಿ ಬಂತು.

ಆಮೇಲೆ ಮಂಡಿಯೂರಿ ಕೂತು ಹುಲ್ಲನ್ನು ಬೆರಳಿಂದ ಬಿಡಿಸಿ ನೋಡಿದೆ.

ಪ್ಲಾಸ್ಟಿಕ್ ಹುಲ್ಲಿನ ಬುಡದಲ್ಲಿ ಕಪ್ಪು ರಬ್ಬರ್ ಕಾಳು ತುಂಬಿರುತ್ತಾರೆ. ನೆಲ ಮೆತ್ತಗಿರೋದೆಲ್ಲ ಅದರಿಂದಲೇ. ಆಡುತ್ತಾ ಆಡುತ್ತಾ ಅದು ಚದುರುತ್ತದೆ, ಮಕ್ಕಳ ಶೂಗಳಲ್ಲಿ ಮನೆಗೆ ಹೋಗುತ್ತದೆ, ಗಟ್ಟಿಯಾಗುತ್ತದೆ. ಆಗಾಗ ತುಂಬಬೇಕು, ದೊಡ್ಡ ಬ್ರಷ್ ಎಳೆದು ಸಮ ಮಾಡಬೇಕು. ಅಳತೆಯ ಸೂಜಿ ಚುಚ್ಚಿದೆ. ಮೂವತ್ನಾಲ್ಕು ಮಿಲಿಮೀಟರ್ ಕಾಳು. ಹೊಚ್ಚ ಹೊಸದು, ಹೊಳೆಯುತ್ತಿತ್ತು. ಎರಡು ಮೊಳ ಆಚೆ ಚುಚ್ಚಿದೆ. ಹನ್ನೊಂದು.

"ಸರ್, ಇಲ್ಲಿ ಬನ್ನಿ."

ಬೆರಳಿಂದ ಅಂಚು ಹಿಡಿದು ಸುತ್ತ ಗೆರೆ ಎಳೆದೆ. ಗಾಡಿಯ ಚಕ್ರದಷ್ಟು ಅಗಲದ ಒಂದು ವೃತ್ತ. ಒಳಗೆ ಹಾಸಿಗೆ, ಹೊರಗೆ ಕಲ್ಲು. ಹತ್ತೂ ಕಡೆ ಗುಂಡು ಹಾಕಿ ನೋಡಿದೆವು. ಹತ್ತೂ ಕಡೆ ಅದೇ ವೃತ್ತ, ಅದೇ ಹೊಸ ಕಾಳು. ಇಡೀ ಮೈದಾನದಲ್ಲಿ ನಾನು ಗುಂಡು ಹಾಕುವ ಹತ್ತು ಜಾಗ ಮಾತ್ರ ಮೆತ್ತಗಿತ್ತು.

ಇನ್ಸ್‌ಪೆಕ್ಟರ್ ಶಿಳ್ಳೆ ಹಾಕಲು ಹೊರಟವರು ತಡೆದುಕೊಂಡರು. "ಭೇಷ್! ಅಳೆಯೋ ಕಡೆ ಮಾತ್ರ ಸುರಿದಿದ್ದಾರೆ. ಆ ಜಾಗಗಳು ನಿಯಮದ ಪುಸ್ತಕದಲ್ಲೇ ಇವೆಯಂತಲ್ಲ? ನಕ್ಷೆ ನೋಡಿ ಯಾರು ಬೇಕಾದ್ರೂ ಸುರಿಯಬಹುದು."

ಹೌದು ಅಂದುಬಿಟ್ಟಿದ್ದರೆ ನನ್ನ ತಲೆನೋವು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನನ್ನ ಬಾಯಿ ಮೊದಲಿಂದಲೂ ನನ್ನ ಮಾತು ಕೇಳಿದ್ದಲ್ಲ.

"ಇಲ್ಲ ಸರ್. ಪುಸ್ತಕದ ಜಾಗಗಳು ಇವಲ್ಲ."

"ಅಂದ್ರೆ?"

ಹೇಳಿದೆ. ನಮ್ಮ ಪರೀಕ್ಷಾ ಸಂಸ್ಥೆ ಕಟ್ಟಿದವರು ನನ್ನ ಸೋದರಮಾವ. ನನಗೆ ಕೆಲಸ ಕಲಿಸಿದವರೂ ಅವರೇ. ಮೊದಲನೇ ದಿನವೇ ನನ್ನ ಕಿವಿಯಲ್ಲಿ ಒಂದು ಮಾತು ಹಾಕಿದ್ದರು. "ಪುಟ್ಟಿ, ಪುಸ್ತಕದ ಹತ್ತು ಜಾಗ ಊರಿಗೆಲ್ಲ ಗೊತ್ತು. ಅಲ್ಲಿ ಮಾತ್ರ ಕಾಳು ಸುರಿದು ಕಣ್ಣಿಗೆ ಮಣ್ಣೆರಚ್ತಾರೆ. ಅವರು ಚಾಪೆ ಕೆಳಗೆ ತೂರಿದ್ರೆ ನಾವು ರಂಗೋಲಿ ಕೆಳಗೆ ತೂರೋಣ. ಮೈದಾನದ ಕಚೇರಿ ಕಡೆ ಮುಖ ಮಾಡಿ ನಿಂತ್ಕೋ, ಪ್ರತಿ ಜಾಗದಿಂದ ಮೂರು ಹೆಜ್ಜೆ ಎಡಕ್ಕೆ ಸರಿ, ಅಲ್ಲಿ ಹಾಕು. ಯಾರ ಹತ್ರಾನೂ ಬಾಯಿ ಬಿಡಬೇಡ."

ಆರು ವರ್ಷದಿಂದ ಈ ಮೈದಾನದಲ್ಲಿ ಹಾಗೇ ಮಾಡಿದ್ದೆ. ಕಾಳು ಸುರಿದಿದ್ದು ಪುಸ್ತಕದ ಜಾಗದಲ್ಲಲ್ಲ, ಎಡಕ್ಕೆ ಸರಿದ ಜಾಗದಲ್ಲಿ.

ಇನ್ಸ್‌ಪೆಕ್ಟರ್ ಮುಖದಲ್ಲಿದ್ದ ನಗು ಆರಿತು. "ಈ ಗುಟ್ಟು ಎಷ್ಟು ಜನಕ್ಕೆ ಗೊತ್ತಮ್ಮಾ?"

"ನನಗೆ, ನನ್ನ ಮಾವನಿಗೆ."

"ಮಾವನವರು?"

"ಎಪ್ಪತ್ತೆಂಟು ವರ್ಷ. ಮನೆ ಬಿಟ್ಟು ಕದಲಲ್ಲ."

"ಹಾಗಾದ್ರೆ..." ಅಂದರು. ಉಳಿದಿದ್ದನ್ನು ಅವರು ಹೇಳಬೇಕಾಗಿರಲಿಲ್ಲ. ಗುಟ್ಟು ಮಾರಿದವಳು ನಾನೇ ಅನ್ನೋದಕ್ಕೆ ನಾನೇ ಸಾಕ್ಷಿ ಹೇಳಿದ್ದೆ.

ಸಿಟ್ಟು ಬಂತು. ಸಿಟ್ಟು ಬಂದರೆ ನನ್ನ ತಲೆ ಓಡುತ್ತದೆ, ಅದೊಂದು ಪುಣ್ಯ. ನಾಲ್ಕನೇ ಜಾಗದಲ್ಲಿ ನಿಂತು ನೋಡಿದೆ. ನನ್ನ ಗುಂಡು ಬಿದ್ದ ಗುರುತು ವೃತ್ತದ ನಡುವೆ ಇರಲಿಲ್ಲ, ಅಂಚಿಗಿತ್ತು. ಐದನೇದೂ ಹಾಗೇ. ಆರನೇದೂ ಹಾಗೇ.

"ಟೇಪ್ ಹಿಡೀರಿ ಸರ್."

ಪುಸ್ತಕದ ಜಾಗದಿಂದ ನನ್ನ ಗುರುತಿಗೆ ಇನ್ನೂರ ಹತ್ತು ಸೆಂಟಿಮೀಟರ್. ಅಂದರೆ ನನ್ನ ಮೂರು ಹೆಜ್ಜೆ, ಎಪ್ಪತ್ತು ಎಪ್ಪತ್ತರಂತೆ. ವೃತ್ತದ ನಡುವಿಗೆ ಇನ್ನೂರೈವತ್ತೈದು. ಮುಂದಿನದಕ್ಕೆ ಇನ್ನೂರೈವತ್ನಾಲ್ಕು. ಅದರ ಮುಂದಿನದಕ್ಕೆ ಮತ್ತೆ ಇನ್ನೂರೈವತ್ತೈದು.

"ಜಾಗ ಗುರುತಿಸಿದವನೂ ಮೂರೇ ಹೆಜ್ಜೆ ಹಾಕಿದ್ದಾನೆ ಸರ್. ಆದ್ರೆ ಕಾಲು ನನ್ನದಲ್ಲ. ಒಂದೊಂದು ಹೆಜ್ಜೆ ಎಂಬತ್ತೈದು. ನನ್ನ ಮಾವ ನನ್ನ ಭುಜಕ್ಕೆ ಬರ್ತಾರೆ, ಅವರದ್ದೂ ಅಲ್ಲ."

ಇನ್ಸ್‌ಪೆಕ್ಟರ್ ಟೇಪನ್ನು ಮತ್ತೊಮ್ಮೆ ತಾವೇ ಎಳೆದು ನೋಡಿದರು. ಟೇಪನ್ನು ನಂಬಿದರು, ನನ್ನನ್ನು ಅರ್ಧ ನಂಬಿದರು ಅನ್ನಿಸಿತು.

"ಸುರಿದವನನ್ನೇ ಕೇಳೋಣ ನಡೀರಿ," ಅಂದರು.

* * *

ಮೈದಾನ ನೋಡಿಕೊಳ್ಳುವವನನ್ನು ಎಲ್ಲರೂ ಬಾಚಣಿಗೆ ಅಂತಲೇ ಕರೆಯೋದು. ಹನ್ನೆರಡು ವರ್ಷದಿಂದ ಬ್ರಷ್ ಎಳೆದೂ ಎಳೆದೂ ಹುಲ್ಲು ಬಾಚಿದವನು. ತಲೆಯಲ್ಲಿ ಒಂದೂ ಕೂದಲಿಲ್ಲ, ಅದಕ್ಕೇ ಆ ಹೆಸರು ಇನ್ನೂ ಗಟ್ಟಿಯಾಗಿ ಅಂಟಿಕೊಂಡಿತ್ತು. ಶೆಡ್ಡಿನಲ್ಲಿ ಹರಿದ ಗೋಲ್ ಬಲೆ ಹೊಲಿಯುತ್ತಾ ಕೂತಿದ್ದ. ನಮ್ಮನ್ನು ಕಂಡಿದ್ದೇ ಎದ್ದು ನಿಂತು, "ನಾನೇನೂ ಸುರಿದಿಲ್ಲ ಸಾರ್" ಅಂದ.

ಸುರಿದ ಮಾತನ್ನು ನಾವಿನ್ನೂ ಎತ್ತೇ ಇರಲಿಲ್ಲ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರೆ. ನಾವು ಕುಂಬಳಕಾಯಿ ಅಂತಲೂ ಅಂದಿಲ್ಲ ಅಣ್ಣಾ," ಅಂದೆ.

ಅವನು ದಬ್ಬಳವನ್ನು ಬಲೆಗೆ ಚುಚ್ಚಿಟ್ಟ.

"ಎಷ್ಟು ಚೀಲ?" ಅಂದರು ಇನ್ಸ್‌ಪೆಕ್ಟರ್.

ಮೂಲೆಯಲ್ಲಿ ಮಡಿಸಿಟ್ಟಿದ್ದ ಖಾಲಿ ಚೀಲಗಳನ್ನು ಇನ್ಸ್‌ಪೆಕ್ಟರ್ ಕಾಲಿನಿಂದ ಸರಿಸಿದರು. ಆರಿದ್ದವು.

"ಆರು ಚೀಲ ಸಾರ್," ಅಂದ ಬಾಚಣಿಗೆ. "ಅರವತ್ತು ಬೇಕು ಅಂತ ಎರಡು ವರ್ಷದಿಂದ ಕಚೇರಿಗೆ ಅರ್ಜಿ ಹಾಕ್ತಿದ್ದೀನಿ. ಕೊಟ್ಟಿದ್ದು ಆರು. ಆರು ಚೀಲದಲ್ಲಿ ಇಡೀ ಮೈದಾನ ತುಂಬೋಕಾಗುತ್ತಾ? ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ."

"ಅದಕ್ಕೆ ಹತ್ತು ಕಡೆ ಸುರಿದೆ."

"ಹೂಂ."

"ಆ ಹತ್ತು ಜಾಗ ಯಾರು ತೋರಿಸಿದ್ದು?"

ಅವನು ನನ್ನ ಮುಖ ನೋಡಿದ. ಇನ್ಸ್‌ಪೆಕ್ಟರ್ ಕೂಡ ನನ್ನ ಮುಖ ನೋಡಿದರು. ಆ ನೋಟ ನನ್ನನ್ನು ಸುಟ್ಟಿತು.

"ನನ್ನನ್ನ ಯಾಕೆ ನೋಡ್ತೀಯ? ನಾನು ತೋರಿಸಿದ್ನಾ? ಹೇಳಿಬಿಡು ಮತ್ತೆ!"

"ಅಯ್ಯೋ ಇಲ್ಲ ತಾಯಿ, ನಿಮ್ಮ ಮೇಲೆ ಸುಳ್ಳು ಹೇಳಿದ್ರೆ ನನ್ನ ನಾಲಿಗೆ ಬಿದ್ದು ಹೋಗುತ್ತೆ." ಬಲೆ ಕೆಳಗಿಟ್ಟ. "ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಒಬ್ರು ಬಂದ್ರು. ಹೆಜ್ಜೆ ಹಾಕಿ ಹಾಕಿ ಹತ್ತು ಗೂಟ ನೆಟ್ರು. ಗೂಟ ಇದ್ದ ಕಡೆ ಸುರಿ, ಚೆನ್ನಾಗಿ ಬಾಚಿ ಬಿಡು, ಗೊತ್ತಾಗಬಾರದು ಅಂದ್ರು. ನಾನು ಸುರಿದೆ."

"ಮೋಸ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು ತಾಯಿ." ತಲೆ ಎತ್ತಲಿಲ್ಲ. "ಹನ್ನೆರಡು ವರ್ಷ ಬಾಚಿದ್ದೀನಿ, ನೆಲ ಎಲ್ಲಿ ಗಟ್ಟಿ ಎಲ್ಲಿ ಮೆತ್ತಗೆ ಅಂತ ಬರೀ ಕಾಲಲ್ಲಿ ಹೇಳ್ತೀನಿ. ಆದ್ರೆ ಪರೀಕ್ಷೆಯಲ್ಲಿ ಫೇಲ್ ಆದ್ರೆ ಮೈದಾನ ಮುಚ್ತಾರೆ, ಆ ಹೆಣ್ಣುಮಕ್ಕಳ ತಂಡಕ್ಕೆ ಆಡೋಕೆ ಬೇರೆ ಜಾಗ ಇಲ್ಲ. ಎಲ್ಲಿ ಹೋದ್ರೂ ಹುಡುಗರು ಆಡಬೇಕು ಅಂತ ಓಡಿಸ್ತಾರೆ. ಈ ವರ್ಷ ಟೂರ್ನಮೆಂಟಿಗೆ ಆಯ್ಕೆ ಆಗಿದ್ರು. ಎಷ್ಟು ಕುಣಿದ್ವು ಗೊತ್ತಾ ಆ ಮಕ್ಕಳು? ನಾನೂ ಕುಣಿದೆ. ಒಂದು ತಿಂಗಳು ಕಳೆದ್ರೆ ಮಿಕ್ಕ ಚೀಲ ಬರುತ್ತೆ, ಅಷ್ಟರಲ್ಲಿ ಏನಾಗುತ್ತೆ ಅಂದ್ಕೊಂಡೆ."

ಅಷ್ಟರಲ್ಲಿ ಆಗಿದ್ದು ಆಸ್ಪತ್ರೆಯಲ್ಲಿ ಮಲಗಿತ್ತು. ಅವನೂ ಅದನ್ನೇ ನೆನೆದನೋ ಏನೋ, ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತ. ಅರವತ್ತರ ಗಂಡಸು ಹಾಗೆ ಅಳುವುದನ್ನು ನೋಡಿ ನನಗೂ ದುಃಖ ಒತ್ತರಿಸಿಕೊಂಡು ಬಂತು. ಬೈಯಲು ಬಂದವಳು ನೀರಿನ ಚೊಂಬು ಕೊಟ್ಟೆ.

"ಗೂಟ ನೆಟ್ಟವರು ಯಾರು ಅಣ್ಣಾ?"

"ಕೇಳಬೇಡಿ. ಆ ಮನುಷ್ಯ ಈಗ ಅನುಭವಿಸ್ತಿರೋದೇ ಸಾಕು. ಅದಕ್ಕಿಂತ ದೊಡ್ಡ ಜೈಲು ನಿಮ್ಮ ಹತ್ರ ಇಲ್ಲ ಸಾರ್."

ಮೂರನೆಯವನಿಗೆ ಈ ಗುಟ್ಟು ತಲುಪಿದ್ದರೆ ಅದು ಮಾವನಿಂದಲೇ ತಲುಪಿರಬೇಕು. ಶೆಡ್ಡಿನಿಂದ ಹೊರಗೆ ಬಂದು ಮಾವನಿಗೆ ಫೋನ್ ಹಚ್ಚಿದೆ. ಇನ್ಸ್‌ಪೆಕ್ಟರ್ ಹಿಂದೆಯೇ ಬಂದು ನಿಂತರು. ಸ್ಪೀಕರ್ ಹಾಕಿದೆ, ಮುಚ್ಚುಮರೆ ಬೇಡ ಅಂತ.

"ಮಾವ, ನನಗಿಂತ ಮುಂಚೆ ಯಾರಿಗಾದ್ರೂ ಕೆಲಸ ಕಲಿಸಿದ್ರಾ?"

ಆ ಕಡೆ ಕೆಮ್ಮು. "ಈಗ್ಯಾಕೆ ಪುಟ್ಟಿ ಅದು?"

"ಹೇಳಿ ಮಾವ."

"ಒಬ್ಬನಿದ್ದ. ಎರಡೇ ತಿಂಗಳು. ಕೊಕ್ಕರೆ ಕಾಲಿನವನು. ಗುಂಡು ಹಾಕು ಅಂದ್ರೆ ಚೆಂಡು ಒದೆಯೋಕೆ ಓಡ್ತಿದ್ದ. ಬಿಟ್ಟು ಹೋದ."

"ಮೂರು ಹೆಜ್ಜೆ ವಿಷಯ ಅವನಿಗೂ ಹೇಳಿದ್ರಾ?"

"ಮೊದಲನೇ ದಿನ ಹೇಳೋದೇ ಅದನ್ನ ಅಲ್ವಾ."

"ಈಗ ಎಲ್ಲಿದ್ದಾನೆ ಅವನು?"

"ನಿನ್ನ ಮೇಲೆ ದೂರು ಕೊಟ್ಟಿದ್ದಾನಲ್ಲ, ಆ ಕೋಚ್. ಅವನೇ."

ಒಂಬತ್ತು ದಿನದಿಂದ ದಿನಾ ಒಟ್ಟಿಗೆ ಕೂತು ಊಟ ಮಾಡಿದ್ದೇವೆ, ಈ ಮಾತು ಮಾತ್ರ ಅವರ ಬಾಯಿಂದ ಬಂದಿರಲಿಲ್ಲ. "ಯಾಕೆ ಹೇಳಲಿಲ್ಲ ಮಾವ?"

"ಹದಿನೈದು ವರ್ಷದ ಹಳೇ ಕತೆ. ಆಮೇಲೆ ಅವನ ಜೊತೆ ಮಾತಿಲ್ಲ ಕತೆಯಿಲ್ಲ. ಮಗು ಹಾಗೆ ಮಲಗಿರೋವಾಗ ಅದನ್ನೆಲ್ಲ ಯಾಕೆ ಎತ್ತಲಿ ಅಂತ," ಅಂದು ಫೋನ್ ಇಟ್ಟರು.

ತಿರುಗಿ ನೋಡಿದರೆ ಬಾಚಣಿಗೆ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಎಲ್ಲಾ ಕೇಳಿಸಿಕೊಂಡಿದ್ದ. ಗೂಟ ನೆಟ್ಟಿದ್ದು ಕೋಚೇನಾ ಅಣ್ಣಾ ಅಂತ ಕೇಳಿದೆ. ಅವನು ತಲೆ ಅಲ್ಲಾಡಿಸಿದ, ಹೌದು ಅಂತ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮೇಯ್ದಿದ್ದು ತನ್ನ ಪೈರನ್ನೇ.

* * *

ಇನ್ಸ್‌ಪೆಕ್ಟರ್ ಫೋನ್ ಹೊಡೆದುಕೊಂಡಿತು. ಠಾಣೆಯಿಂದ. ಹೂಂ, ಹೂಂ ಅನ್ನುತ್ತಾ ಕೇಳಿ ಜೇಬಿಗೆ ಹಾಕಿಕೊಂಡರು.

"ಹುಡುಗಿ ಬೆಳಿಗ್ಗೆ ಕಣ್ಣು ಬಿಟ್ಟಳಂತೆ."

ಬಾಚಣಿಗೆ ಆಕಾಶದ ಕಡೆ ಕೈ ಮುಗಿದ.

"ಮಾತಾಡಿದಳಾ ಸರ್?" ಅಂದೆ.

"ಗೋಲ್ ಆಯ್ತಾ ಅಂತ ಕೇಳಿದಳಂತೆ. ಎಡಗೈ ಇನ್ನೂ ಎತ್ತೋಕಾಗ್ತಿಲ್ಲ. ಗೊತ್ತಿಲ್ಲ, ಕಾಯಬೇಕು ಅಂದಿದ್ದಾರೆ ಡಾಕ್ಟರು. ಇನ್ನೊಂದು ವಿಷಯ. ಅವರಪ್ಪ ಆಸ್ಪತ್ರೆಯಿಂದ ಸೀದಾ ಠಾಣೆಗೆ ಬಂದು ದೂರು ವಾಪಸ್ ತಗೊಂಡಿದ್ದಾರೆ. ನಿಮ್ಮ ತಪ್ಪೇನೂ ಇಲ್ಲ ಅಂತ ಬರೆದುಕೊಟ್ಟಿದ್ದಾರೆ."

ಒಂಬತ್ತು ದಿನ ಇದನ್ನೇ ಬೇಡಿಕೊಂಡಿದ್ದೆ. ಈಗ ಬಂದಾಗ ಸಂತೋಷವೇ ಆಗಲಿಲ್ಲ.

"ಈ ಬೀಗ?"

"ದೂರಿಲ್ಲದ ಮೇಲೆ ಬೀಗ ಹಾಕಿಕೊಂಡು ಕೂರೋ ಹಕ್ಕು ನನಗಿಲ್ಲಮ್ಮಾ. ಕಾಗದದ ಮೇಲಿರೋದು ನಿಮ್ಮ ವರದಿ ಮಾತ್ರ, ಅದರ ಪ್ರಕಾರ ಮೈದಾನ ಚೆನ್ನಾಗೇ ಇದೆ. ನಾಳೆ ಒಂಬತ್ತು ಗಂಟೆಗೆ ಚಿಕ್ಕ ಮಕ್ಕಳ ಪಂದ್ಯ ಇಟ್ಟಿದ್ದಾರೆ. ಹತ್ತು ವರ್ಷದ ಒಳಗಿನವು."

ನಾನು ಮೈದಾನದ ಕಡೆ ನೋಡಿದೆ. ಬಿಸಿಲಿಗೆ ಹಸಿರು ಮಿರಮಿರ ಮಿಂಚುತ್ತಿತ್ತು. ನೋಡಲು ಎಲ್ಲಾ ಒಂದೇ ಸಮ, ಎಲ್ಲೂ ಹುಳುಕು ಕಾಣುತ್ತಿರಲಿಲ್ಲ.

"ಹಾಗಾದ್ರೆ ದೂರು ನಾನು ಕೊಡ್ತೀನಿ. ಬರ್ಕೊಳ್ಳಿ."

"ಯೋಚನೆ ಮಾಡಿ. ನಿಮ್ಮ ಹೆಸರು ಈಗ ತಾನೇ ತೊಳೆದುಹೋಗಿದೆ. ಇದನ್ನ ಕೆದಕಿದ್ರೆ ನಿಮ್ಮ ಪರವಾನಗಿಯೂ ಉಳಿಯಲ್ಲ."

"ಮೊದಲ ಹೆಸರು ನನ್ನದೇ ಬರೀರಿ. ಗುಟ್ಟಿನ ಜಾಗ ಅಂತ ಆರು ವರ್ಷ ಅದೇ ಹತ್ತು ಕಡೆ ತುಳಿದೆ. ಹನ್ನೊಂದನೇ ಕಡೆ ಒಂದೇ ಒಂದು ಸಲ ಗುಂಡು ಹಾಕಿದ್ರೆ ಆ ಮಗು ಬೀಳ್ತಿರಲಿಲ್ಲ. ನಾನು ಭಾರಿ ಜಾಣೆ ಅಂತ ಬೀಗುತ್ತಿದ್ದೆ ಸರ್, ಆ ಮೂರು ಹೆಜ್ಜೆಯ ಮೇಲೆ."

ಇನ್ಸ್‌ಪೆಕ್ಟರ್ ಜೀಪಿನಿಂದ ಕಾಗದದ ಹಲಗೆ ತಂದರು. ಬಾನೆಟ್ ಮೇಲೆ ಇಟ್ಟುಕೊಂಡು ಬರೆದರು. ನನ್ನ ಹೆಸರಿನ ಕೆಳಗೆ ಕೋಚ್ ಹೆಸರು. ಆ ಎರಡನೇ ಹೆಸರನ್ನು ಎರಡು ಸಲ ಹೇಳಬೇಕಾಯಿತು, ಸುಳ್ಳು ಯಾಕೆ ಹೇಳಲಿ.

ಮುಗಿಯುವ ಮೊದಲೇ ನನ್ನ ಫೋನಿಗೆ ಕರೆ ಬಂತು. ಆತನೇ.

"ಅಕ್ಕಾ, ನೀವು ಮೈದಾನದಲ್ಲಿದ್ದೀರಂತೆ. ಗೊತ್ತಾಯ್ತಾ?"

"ಗೊತ್ತಾಯ್ತು."

"ನಿಮ್ಮ ಮೇಲೆ ದೂರು ಕೊಟ್ಟಾಗ ನಾನು ನಾನಾಗಿರಲಿಲ್ಲ. ಯಾರ ಮೇಲಾದ್ರೂ ಹಾಕಬೇಕಿತ್ತು. ನನ್ನ ಮೇಲೆ ಹಾಕ್ಕೊಳ್ಳೋಕೆ ಧೈರ್ಯ ಇರಲಿಲ್ಲ. ಇವತ್ತು ಗೋಲ್ ಆಯ್ತಾ ಅಪ್ಪಾ ಅಂತ ಕೇಳಿದಳು ಅಕ್ಕಾ. ಇಲ್ಲ ಕಂದಾ, ನೀನು ಹಿಡಿದೆ ಅಂದೆ."

ಆತ ಅತ್ತ. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ನಿಂತೆ.

"ನಾನು ದೂರು ಕೊಡ್ತಿದ್ದೀನಿ," ಅಂದೆ ಕೊನೆಗೆ. "ನನ್ನ ಮೇಲೂ, ನಿಮ್ಮ ಮೇಲೂ. ನಾಳೆ ಇಲ್ಲಿ ಮಕ್ಕಳು ಆಡಬಾರದು."

"ಕೊಡಿ ಅಕ್ಕಾ. ಕೊಡಲೇಬೇಕು. ಆದ್ರೆ ಪೂರ್ತಿ ಕೊಡಿ."

"ಪೂರ್ತಿ ಅಂದ್ರೆ?"

"ಹದಿನೈದು ವರ್ಷ ಆಗಿತ್ತು. ನನಗೆ ಮೂರು ಹೆಜ್ಜೆ ಅನ್ನೋದು ನೆನಪಿತ್ತು. ಎಡಕ್ಕೋ ಬಲಕ್ಕೋ ಮರೆತುಹೋಗಿತ್ತು. ಗೂಟ ನೆಡೋ ದಿನ ಬೆಳಿಗ್ಗೆ ನಿಮ್ಮ ಮನೆಗೆ ಫೋನ್ ಮಾಡಿ ಕೇಳಿದೆ. ಯಾವ ಮೈದಾನ, ಯಾಕೆ ಬೇಕು, ಎಲ್ಲಾ ಹೇಳಿಯೇ ಕೇಳಿದೆ ಅಕ್ಕಾ, ಏನೂ ಮುಚ್ಚಿಡಲಿಲ್ಲ. ಎಡಕ್ಕೆ ಅಂದ್ರು."

ನಮ್ಮ ಮನೆಯಲ್ಲಿ ಇರೋದು ಇಬ್ಬರೇ, ನಾನು ಮತ್ತು ಮಾವ.

ಫೋನ್ ಇಟ್ಟೆ. ಇನ್ಸ್‌ಪೆಕ್ಟರ್ ಪೆನ್ನು ಎತ್ತಿ ನನ್ನ ಮುಖ ನೋಡಿದರು. "ಎರಡೇ ಹೆಸರಲ್ವಾ ಅಮ್ಮಾ? ಕೆಳಗೆ ಗೆರೆ ಎಳೆಯಲಾ?"

"ಎಳೀಬೇಡಿ," ಅಂದೆ.

ಅಷ್ಟರಲ್ಲಿ ಫೋನ್ ಮತ್ತೆ ಹೊಡೆದುಕೊಂಡಿತು. ಮಾವ. ಕಿವಿಗಿಟ್ಟುಕೊಂಡೆ.

"ಪುಟ್ಟಿ," ಅಂದರು ಮಾವ, "ಹೇಳಿಬಿಟ್ಟನಾ ಅವನು?"